ಸಹಾಯ ಬೇಕು: ಟೈಪ್ 1 ಮಧುಮೇಹವಿರುವ ಹದಿಹರೆಯದವರ ಪಾಠಕ್ಕೆ

ನಮಸ್ಕಾರ. 13ರಿಂದ 18 ವಯಸ್ಸಿನವರು ತಮ್ಮ ಇನ್ಸುಲಿನ್ ಅನ್ನು ತಾವೇ ನಿಭಾಯಿಸಲು ಕಲಿಸುವ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇವೆ. ಎರಡು ಕಡೆ ನಿಮ್ಮ ನೆರವು ಬೇಕು.

ಮೊದಲು, ತಿದ್ದುಪಡಿ ಡೋಸ್, ಅಂದರೆ ಏರಿದ ಸಕ್ಕರೆಯನ್ನು ಇಳಿಸಲು ಹಾಕಿಕೊಳ್ಳುವ ಹೆಚ್ಚುವರಿ ಇನ್ಸುಲಿನ್. ಊಟವಾಗಿ ಎರಡು ಗಂಟೆಗೆ ಗ್ಲೂಕೋಸ್ ಮೀಟರ್ 280 mg/dL ತೋರಿಸಿದರೆ ಮಕ್ಕಳು ಗಾಬರಿಯಾಗಿ ಮತ್ತೆ ಚುಚ್ಚಿಕೊಳ್ಳುತ್ತಾರೆ. ವೇಗದ ಇನ್ಸುಲಿನ್ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಊಟದ ಡೋಸ್ ಅರ್ಧದಲ್ಲಿರುವಾಗ ಇನ್ನೊಂದು ಸೇರಿದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ದೇಹದಲ್ಲಿ ಇನ್ನೂ ಉಳಿದಿರುವ ಇನ್ಸುಲಿನ್ ಲೆಕ್ಕವನ್ನು ಆ ಲೆಕ್ಕವನ್ನು ತಾನೇ ಮಾಡುವ ಇನ್ಸುಲಿನ್ ಪಂಪ್ ಇಲ್ಲದವರಿಗೆ ಕಾಗದದ ಮೇಲೆ ಹೇಗೆ ಕಲಿಸುತ್ತೀರಿ? ಗ್ರಾಫ್ ಬಿಡಿಸಿದರೆ ಅರ್ಥವಾಗುತ್ತದೆ, ಆದರೆ ಶಾಲೆಯ ಗದ್ದಲದಲ್ಲಿ ಅದು ನೆನಪಾಗುವುದಿಲ್ಲ. ಅಲ್ಲೇ ನಾವು ಸಿಕ್ಕಿಕೊಂಡಿದ್ದೇವೆ.

ಎರಡನೆಯದು, ಜ್ವರ-ವಾಂತಿಯ ದಿನ. 'ಏನೂ ತಿಂದಿಲ್ಲ, ಇನ್ಸುಲಿನ್ ಬೇಡ' ಎಂಬ ಎಣಿಕೆ ಅಪಾಯಕಾರಿ. ಕಾಯಿಲೆಯಲ್ಲಿ ಏನೂ ತಿನ್ನದಿದ್ದರೂ ರಕ್ತದ ಸಕ್ಕರೆ ಏರಬಹುದು, ಇನ್ಸುಲಿನ್ ಸಾಲದಿದ್ದರೆ ಕೀಟೋನ್ (ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಆಮ್ಲ) ರಕ್ತದಲ್ಲಿ ಸೇರುತ್ತದೆ. ದೀರ್ಘಾವಧಿ ಇನ್ಸುಲಿನ್ ನಿಲ್ಲಿಸಬಾರದು. ರಕ್ತದ ಕೀಟೋನ್ 1.5 mmol/L ಮುಟ್ಟಿದರೆ ತಕ್ಷಣ ವೈದ್ಯರಿಗೆ ಕರೆ. 3 ಮುಟ್ಟಿದರೆ, ಅಥವಾ ವಾಂತಿ ನಿಲ್ಲದಿದ್ದರೆ, ಆಸ್ಪತ್ರೆ. ಇದನ್ನು ಒಂದೇ ಪುಟದ ಚಿತ್ರವಾಗಿಸಬಲ್ಲವರು ಇದ್ದೀರಾ?

ಸಕ್ಕರೆ ಇಳಿದಾಗಿನ ಪಾಠ (70 mg/dLಗಿಂತ ಕೆಳಗೆ 15 ಗ್ರಾಂ ಗ್ಲೂಕೋಸ್, 15 ನಿಮಿಷಕ್ಕೆ ಮರುಪರೀಕ್ಷೆ, ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುವುದರಿಂದ ಚಾಕೊಲೇಟ್ ಬೇಡ) ಮುಗಿದಿದೆ.

ಕರಡು ಓದಲು ಹದಿಹರೆಯದವರೇ ಬೇಕು. ಎಲ್ಲಾದರೂ ಬೈದಂತೆ ಅನ್ನಿಸಿದ ಸಾಲಿಗೆ ದಯವಿಟ್ಟು ಗೆರೆ ಎಳೆಯಿರಿ. ಬೈಗುಳಕ್ಕೆ ಹೆದರಿದ ಮಗು ರೀಡಿಂಗ್ ಮುಚ್ಚಿಡುತ್ತದೆ, ಆಮೇಲೆ ಡೋಸ್ ಸರಿಪಡಿಸಲು ಯಾರಿಗೂ ದಾರಿ ಇರುವುದಿಲ್ಲ. ಆಸಕ್ತರು ಇಲ್ಲೇ ಕೆಳಗೆ ತಿಳಿಸಿ.