ಇಫ್ ಜೊತೆ ವಿಲ್ ಹಾಕಬೇಕಾ ವುಡ್ ಹಾಕಬೇಕಾ? ಒಂದು ಬುಕಿಂಗ್ ಕೈತಪ್ಪಿ ಹೋಯ್ತು

ಮೂಡಿಗೆರೆ_ತೋಟ:

ಎಲ್ರಿಗೂ ನಮಸ್ಕಾರ. ನಾವು ಮೂಡಿಗೆರೆ ಹತ್ರ ತೋಟದ ಮನೇಲೇ ಮೂರು ರೂಮ್ ಮಾಡಿ ಹೋಂಸ್ಟೇ ನಡೆಸ್ತಿದೀವಿ, ಬರೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಬರಲ್ಲ, ವಾಟ್ಸಾಪ್ ಮೆಸೇಜೆಲ್ಲಾ ಇಂಗ್ಲಿಷಲ್ಲೇ ಕಳಿಸಬೇಕು. ಹೋದ ತಿಂಗಳು ಪುಣೆ ಕಡೆಯವರೊಬ್ರು ಶನಿವಾರಕ್ಕೆ ರೂಮ್ ಇದ್ಯಾ ಅಂತ ಕೇಳಿದ್ರು. ಇತ್ತು. ಸ್ವಲ್ಪ ಮರ್ಯಾದೆಯಾಗಿ ಇರಲಿ ಅಂತ ನಾನು "ಇಫ್ ಯು ವುಡ್ ಕಮ್ ಆನ್ ಸಾಟರ್ಡೇ, ವಿ ವುಡ್ ಹ್ಯಾವ್ ಗಿವನ್ ಯು ದ ಫ್ರಂಟ್ ರೂಮ್" ಅಂತ ಕಳಿಸಿದೆ. ಉತ್ತರಾನೇ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದ್ರೆ, ನೀವು ರೂಮ್ ಇಲ್ಲ ಅಂದ್ರಲ್ಲ, ಅದಕ್ಕೆ ಬೇರೆ ಕಡೆ ಬುಕ್ ಮಾಡಿದ್ವಿ ಅಂದ್ರು. ಇಲ್ಲ ಅಂತ ನಾನು ಎಲ್ಲಿ ಬರ್ದಿದೀನಿ ಹೇಳಿ?

ಮಗಳು ಪಿಯುಸಿ, ಅವಳಿಗೆ ತೋರಿಸಿದೆ, ಅಪ್ಪಾ ನೀನು ಫಸ್ಟ್ ಕಂಡೀಷನಲ್ ಬರಿಯೋ ಕಡೆ ಸೆಕೆಂಡೂ ಥರ್ಡೂ ಸೇರಿಸಿ ಬರ್ದಿದೀಯ ಅಂದ್ಳು. ಕಂಡೀಷನಲ್ ಅಂದ್ರೆ ಇಫ್ ಇರೋ ವಾಕ್ಯವಂತೆ, ಅವಳ ಪುಸ್ತಕದಲ್ಲಿ ಅದಕ್ಕೆ ಜೀರೋ, ಫಸ್ಟ್, ಸೆಕೆಂಡ್, ಥರ್ಡ್ ಅಂತ ಒಂದು ಟೇಬಲ್ ಇದೆ, ಅದನ್ನ ಬಾಯಿಪಾಠ ಮಾಡಿದೆ, ಆದ್ರೆ ಫೋನ್ ಕೈಗೆ ತಗೊಂಡು ಬರೆಯೋಕೆ ಕೂತ್ರೆ ಯಾವ ಮಾತಿಗೆ ಯಾವ ನಂಬರ್ ಅಂತ ಗೊತ್ತಾಗಲ್ಲ. ಕನ್ನಡದಲ್ಲಿ ಎಲ್ಲಾದಕ್ಕೂ ಒಂದು "ರೆ" ಸಾಕು ನಮಗೆ. ಟೇಬಲ್ ಬಿಟ್ಟು ಬೇರೆ ದಾರಿ ಇದ್ರೆ ದಯವಿಟ್ಟು ಹೇಳಿ.

ಬೇಲೂರು_ಟೀಚರ್:

ಸರ್, ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡೋಳು, ಪ್ರತಿ ವರ್ಷ ಮಕ್ಕಳು ಎಡವೋದು ಇಲ್ಲೇ. ಒಂದು ವಾರ ಆ ನಂಬರ್‌ಗಳನ್ನ ಮರೆತುಬಿಡಿ. ನೀವು ಕಳಿಸಿದ ಮೆಸೇಜನ್ನ ನಾನು ಕನ್ನಡದಲ್ಲಿ ಹೇಳ್ತೀನಿ ಕೇಳಿ: "ನೀವು ಶನಿವಾರ ಬರೋದಾಗಿದ್ರೆ ಮುಂದಿನ ರೂಮ್ ಕೊಡ್ತಿದ್ವಿ." ಯಾರಾದ್ರೂ ನಿಮಗೆ ಹೀಗಂದ್ರೆ ಏನು ಅರ್ಥ ಮಾಡ್ಕೋತೀರ? ಪಾಪ, ರೂಮ್ ಇಲ್ಲ ಅಂತ ತಾನೇ. ಅವರೂ ಅದನ್ನೇ ಮಾಡ್ಕೊಂಡಿರೋದು. ಕೊಡ್ತೀವಿ ಅನ್ನೋದು ವಿಲ್, ಕೊಡ್ತಿದ್ವಿ ಅನ್ನೋದು ವುಡ್. ಈ ಒಂದು ವ್ಯತ್ಯಾಸ ನಿಮ್ಮ ಬಾಯಲ್ಲಿ ಹುಟ್ಟಿದಾಗಿಂದ ಇದೆ, ಅದನ್ನೇ ಹಿಡ್ಕೊಳ್ಳಿ.

ಮೊದಲನೇ ಮಾತು. ಇಫ್ ಇರೋ ಅರ್ಧದಲ್ಲಿ ವಿಲ್ ಬೇಡ. "ಇಫ್ ಇಟ್ ವಿಲ್ ರೈನ್" ಅಂತ ಮಕ್ಕಳು ಯಾಕೆ ಬರೀತಾರೆ ಅಂದ್ರೆ ಮಳೆ ನಾಳೆ ತಾನೇ ಬರೋದು, ಹಾಗಾಗಿ ವಿಲ್ ಇರಬೇಕು ಅಂತ ಲೆಕ್ಕ. ಆದ್ರೆ ನಮ್ಮ "ಬಂದ್ರೆ"ನ ಬಿಡಿಸಿ ನೋಡಿ, ಬಂದ, ಅದಕ್ಕೆ ಅರೆ. ನಾಳೆ ಬರೋ ಮಳೆಗೂ ನಾವು ಬಂದ ಅನ್ನೋ ಭೂತಕಾಲದ ರೂಪಾನೇ ಹಾಕ್ತೀವಿ, ಬರುತ್ತೆ ಅನ್ನೋದಕ್ಕೆ ಅರೆ ಸೇರಿಸಿ ಯಾರೂ ಮಾತಾಡಲ್ಲ. ಕನ್ನಡದಲ್ಲೇ ಭವಿಷ್ಯತ್ತು ಆ ಅರ್ಧಕ್ಕೆ ಕಾಲಿಡಲ್ಲ, ಇಂಗ್ಲಿಷಲ್ಲೂ ಇಡಲ್ಲ, ಅವರು ಅಲ್ಲಿ ವರ್ತಮಾನ ಹಾಕ್ತಾರೆ ಅಷ್ಟೇ. "ಇಫ್ ಇಟ್ ರೈನ್ಸ್, ದ ಜೀಪ್ ವಿಲ್ ನಾಟ್ ಗೋ ಅಪ್." ನಿಮ್ಮ ಗೆಸ್ಟ್‌ಗೆ "ಇಫ್ ಯು ಕಮ್ ಆನ್ ಸಾಟರ್ಡೇ, ವಿ ವಿಲ್ ಗಿವ್ ಯು ದ ಫ್ರಂಟ್ ರೂಮ್" ಅಂದಿದ್ರೆ ಸಾಕಿತ್ತು. ಮರ್ಯಾದೆ ಬೇಕು ಅನ್ನಿಸಿದ್ರೆ "ವಿ ವಿಲ್ ಬಿ ಹ್ಯಾಪಿ ಟು ಗಿವ್" ಅನ್ನಿ, ವಿಲ್ ತೆಗೆದು ವುಡ್ ಹಾಕಿದ್ರೆ ಇಂಥ ಕಡೆ ಮರ್ಯಾದೆ ಜಾಸ್ತಿ ಆಗಲ್ಲ, ರೂಮ್ ಸಿಗೋದು ಅನುಮಾನ ಅಂತ ಆಗುತ್ತೆ. ಇನ್ನು "ಬರೋದಾದ್ರೆ" ಅಂತ ಒಂದಿದೆ ನಮ್ಮಲ್ಲಿ, ಶನಿವಾರ ಬರೋದಾದ್ರೆ ಈಗ್ಲೇ ಹೇಳಿ ಅಂತೀವಲ್ಲ, ಅದಕ್ಕೆ "ಇಫ್ ಯು ಆರ್ ಕಮಿಂಗ್ ಆನ್ ಸಾಟರ್ಡೇ, ಟೆಲ್ ಅಸ್ ನೌ."

ನಿಜವಾದ ಕಷ್ಟ ಇರೋದು ಆಗದೇ ಇರೋ ಮಾತಲ್ಲಿ. "ದುಡ್ಡಿದ್ದಿದ್ರೆ ಇನ್ನೊಂದು ಜೀಪ್ ತಗೋತಿದ್ದೆ." ಇದು ಇವತ್ತಿನ ಮಾತಾ, ಹೋದ ವರ್ಷದ ಮಾತಾ? ಎರಡಕ್ಕೂ ಸಲ್ಲುತ್ತೆ, ಈಗ ಅಂತಲೋ ಆಗ ಅಂತಲೋ ಸೇರಿಸಿದ್ರೆ ಮಾತ್ರ ಗೊತ್ತಾಗೋದು. ಇಂಗ್ಲಿಷ್ ಅಲ್ಲಿ ಬಿಡಲ್ಲ, ಎರಡನ್ನೂ ಬೇರೆ ಬೇರೆ ಮಾಡುತ್ತೆ. ಇವತ್ತು ಕೈಲಿ ದುಡ್ಡಿಲ್ಲ ಅಂದ್ರೆ "ಇಫ್ ಐ ಹ್ಯಾಡ್ ದ ಮನಿ, ಐ ವುಡ್ ಬೈ ಅನದರ್ ಜೀಪ್." ಇಲ್ಲಿ ಹ್ಯಾಡ್ ಅನ್ನೋದು ಕಳೆದುಹೋದ ಕಾಲ ಅಲ್ಲ, ಇಲ್ಲದೇ ಇರೋದನ್ನ ಇದೆ ಅಂದ್ಕೊಂಡು ಮಾತಾಡೋ ರೀತಿ. ಹೋದ ವರ್ಷದ ಮಾತಾದ್ರೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕು: "ಇಫ್ ಐ ಹ್ಯಾಡ್ ಹ್ಯಾಡ್ ದ ಮನಿ, ಐ ವುಡ್ ಹ್ಯಾವ್ ಬಾಟ್ ಅನದರ್ ಜೀಪ್." ಹ್ಯಾಡ್ ಹ್ಯಾಡ್ ಅಂತ ಎರಡು ಸಲ ನೋಡಿ ಮಕ್ಕಳು ಪ್ರಿಂಟ್ ತಪ್ಪು ಅಂದ್ಕೊಂಡು ಒಂದನ್ನ ಹೊಡೆದು ಹಾಕ್ತಾರೆ. ನಾನು ಬೋರ್ಡ್ ಮೇಲೆ "ಇದ್ದಿದ್ರೆ" ಅಂತ ಬರೀತೀನಿ, ಇದ್ದು, ಇದ್ರೆ, ಇರು ಅನ್ನೋದು ಎರಡು ಸಲ ಇಲ್ವಾ ಅಂತ ಕೇಳ್ತೀನಿ. ಆ ಕ್ಷಣಕ್ಕೆ ಅವರ ಮುಖ ನೋಡಬೇಕು ನೀವು, ಆಮೇಲೆ ಆ ಕ್ಲಾಸಲ್ಲಿ ಹ್ಯಾಡ್ ಹ್ಯಾಡ್‌ಗೆ ಯಾರೂ ಹೆದರಲ್ಲ.

ಜೀರೋ ಅಂದ್ರೆ ಯಾವಾಗ್ಲೂ ನಡೆಯೋದು. ನೀವು ತೋಟದವರು, ಕಣದಲ್ಲಿ ಒಣಗಿದ ಚೆರಿ, ಅಂದ್ರೆ ಕಾಫಿ ಹಣ್ಣು, ಮುಷ್ಟೀಲಿ ಹಿಡಿದು ಕಿವಿ ಹತ್ರ ಅಲ್ಲಾಡಿಸ್ತೀರಲ್ಲ, ಒಣಗಿದ್ರೆ ಗಲಗಲ ಅನ್ನುತ್ತೆ. "ಇಫ್ ದ ಚೆರಿ ಈಸ್ ಡ್ರೈ, ಇಟ್ ರ್ಯಾಟಲ್ಸ್." ಇವತ್ತೂ ಅಷ್ಟೇ, ಮುಂದಿನ ವರ್ಷಾನೂ ಅಷ್ಟೇ, ಅದಕ್ಕೇ ಎರಡೂ ಕಡೆ ವರ್ತಮಾನ.

ಅರಸೀಕೆರೆ_ಜಂಕ್ಷನ್:

ಇಷ್ಟೆಲ್ಲಾ ಬೇಕಾ? ಅಮೆರಿಕದವ್ರೇ ಇಫ್ ಐ ವುಡ್ ಹ್ಯಾವ್ ನೋನ್ ಅಂತಾರೆ, ಎರಡೂ ಕಡೆ ವುಡ್ ಹಾಕಿ, ಯಾರೂ ಏನೂ ಅನ್ನಲ್ಲ.

ಬೇಲೂರು_ಟೀಚರ್:

ಮಾತಲ್ಲಿ ಅಲ್ಲಿನ ಎಷ್ಟೋ ಜನ ಹಾಗಂತಾರೆ, ನಿಜ. ಆದ್ರೆ ಪರೀಕ್ಷೇಲಿ, ಅರ್ಜೀಲಿ, ಆಫೀಸ್ ಮೇಲ್‌ನಲ್ಲಿ ಅದನ್ನ ತಪ್ಪು ಅಂತಲೇ ನೋಡ್ತಾರೆ, "ಇಫ್ ಐ ಹ್ಯಾಡ್ ನೋನ್" ಅಂತಾನೇ ಬೇಕು. ಎರಡೂ ಕಡೆ ವುಡ್ ಸರಿಯಾಗಿ ಕೂರೋ ಜಾಗ ಒಂದಿದೆ, ಏನಾದ್ರೂ ಕೇಳ್ಕೊಳ್ಳುವಾಗ. "ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಸೆಂಡ್ ಯುವರ್ ಐಡಿ ಪ್ರೂಫ್." ಅಲ್ಲಿ ವುಡ್ ಅಂದ್ರೆ ದಯವಿಟ್ಟು ಕಳಿಸ್ತೀರಾ ಅನ್ನೋ ಅರ್ಥ. ಬಹುಶಃ ಮೂಡಿಗೆರೆ ಸರ್‌ಗೆ ಎಲ್ಲೋ ಇಂಥದ್ದೇ ಕಣ್ಣಿಗೆ ಬಿದ್ದು ಮರ್ಯಾದೆಗೆ ವುಡ್ ಅಂತ ಮನಸಲ್ಲಿ ಉಳಿದಿರಬೇಕು.

ಸಕಲೇಶಪುರ_ಹುಡುಗ:

ಮೇಡಂ ಹೇಳಿದ್ದು ಓದಿ ಖುಷಿ ಆಯ್ತು, ನಂಗೆ ಶಾಲೇಲಿ ಯಾರೂ ಹೀಗೆ ಹೇಳಿಕೊಡಲಿಲ್ಲ. ನಾನು ಬೆಂಗಳೂರಲ್ಲಿ ಆರು ವರ್ಷ ಫೋನ್ ಸಪೋರ್ಟ್ ಕೆಲಸ ಮಾಡಿದೀನಿ, ಕಿವೀಲಿ ಕೇಳಿ ಕಲಿತಿದ್ದು ಎರಡು ಮಾತು ಸೇರಿಸ್ತೀನಿ. ಇಂಗ್ಲಿಷ್ ಮನೆಮಾತಿನವರು ವುಡ್, ಹ್ಯಾಡ್ ಎರಡನ್ನೂ ನುಂಗಿ ಬರೀ "ಐಡ್" ಅಂತಾರೆ, "ಇಫ್ ಐಡ್ ನೋನ್, ಐಡ್ ಹ್ಯಾವ್ ಕಾಲ್ಡ್." ಮೊದಲನೇ ಐಡ್ ಹ್ಯಾಡ್, ಎರಡನೇದು ವುಡ್. ಎರಡೂ ಒಂದೇ ಥರ ಕೇಳ್ಸುತ್ತೆ, ಅದಕ್ಕೇ ನಾವು ಎರಡೂ ಕಡೆ ವುಡ್ ಅಂದ್ಕೊಂಡು ಬರಿಯೋಕೆ ಶುರು ಮಾಡ್ತೀವಿ, ನಾನಂತೂ ಎರಡು ವರ್ಷ ಹಾಗೇ ಬರ್ದೆ.

ಇನ್ನೊಂದು "ಬಂದ್ರೂ". ಅಣ್ಣಾ, ಹೋಂಸ್ಟೇಗೆ ಇದು ಬೇಕೇ ಬೇಕು. ಮಳೆ ಬಂದ್ರೂ ಜೀಪ್ ಹೋಗುತ್ತೆ ಅನ್ನೋದಕ್ಕೆ ನಮ್ಮವರು "ಇಫ್ ಇಟ್ ರೈನ್ಸ್ ಆಲ್ಸೋ" ಅಂತಾರೆ, ಅದು "ಈವನ್ ಇಫ್ ಇಟ್ ರೈನ್ಸ್" ಆಗಬೇಕು. ಆದ್ರೆ ನಿನ್ನೆ ಮಳೆ ಬಂದ್ರೂ ಹೋದ್ವಿ ಅನ್ನುವಾಗ ಮಳೆ ನಿಜವಾಗ್ಲೂ ಬಂದಿದೆ, ಅಲ್ಲಿ ಇಫ್‌ಗೆ ಕೆಲಸಾನೇ ಇಲ್ಲ, "ಈವನ್ ದೋ ಇಟ್ ರೈನ್ಡ್, ವಿ ವೆಂಟ್." ಕನ್ನಡದಲ್ಲಿ ಎರಡಕ್ಕೂ ಬಂದ್ರೂ ಒಂದೇ.

ಅನ್‌ಲೆಸ್ ಬಗ್ಗೆ ಮೇಡಂನೇ ಹೇಳಬೇಕು, ನಮ್ಮ ಟೀಮಲ್ಲಿ ಎಲ್ರೂ "ಅನ್‌ಲೆಸ್ ಯು ಡೋಂಟ್ ಪೇ" ಅಂತಲೇ ಬರೀತಿದ್ರು.

ಬೇಲೂರು_ಟೀಚರ್:

ಅದು ಬಂದಿದ್ದು ನಮ್ಮ "ಹೊರತು" ಇಂದ. ಪೇಪರಲ್ಲಿ ದಿನಾ ಓದ್ತೀವಿ, ದುಡ್ಡು ಕಟ್ಟದ ಹೊರತು ಕೆಲಸ ಆಗಲ್ಲ ಅಂತ. ಹೊರತು ಅನ್ನೋದರಲ್ಲೇ ಇಲ್ಲ ಅನ್ನೋದು ಇದ್ರೂ ಕಟ್ಟದ ಅಂತ ಇನ್ನೊಂದು ಸಲ ಇಲ್ಲ ಹಾಕ್ತೀವಿ, ಕನ್ನಡದಲ್ಲಿ ಅದು ನಡೆಯುತ್ತೆ. ಇಂಗ್ಲಿಷಲ್ಲಿ ಅನ್‌ಲೆಸ್ ಆದ್ಮೇಲೆ ಡೋಂಟ್ ಹಾಕಿದ್ರೆ ಅರ್ಥ ತಲೆಕೆಳಗಾಗುತ್ತೆ, ದುಡ್ಡು ಕಟ್ಟಿದ್ರೇ ಕೆಲಸ ಆಗಲ್ಲ ಅಂದ ಹಾಗೆ. "ಅನ್‌ಲೆಸ್ ಯು ಬುಕ್ ಅರ್ಲಿ, ಯು ವಿಲ್ ನಾಟ್ ಗೆಟ್ ಎ ರೂಮ್" ಅಷ್ಟೇ ಸಾಕು.

ಮೂಡಿಗೆರೆ_ತೋಟ:

ಮೇಡಂ, ತಮ್ಮಾ, ತುಂಬಾ ಉಪಕಾರ ಆಯ್ತು. ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಎರಡು ಸಲ ಓದಿದೆ, ಕೊಡ್ತೀವಿ ಕೊಡ್ತಿದ್ವಿ ಅಂತ ಕನ್ನಡದಲ್ಲಿ ಒಂದು ಸಲ ಅಂದ್ಕೊಂಡು ಆಮೇಲೆ ಟೈಪ್ ಮಾಡ್ತಿದೀನಿ. ಸರಿ ಇದ್ಯಾ ನೋಡಿ.

ಮಂಗಳೂರಿಂದ ಬರೋರಿಗೆ: "ಇಫ್ ಚಾರ್ಮಾಡಿ ಘಾಟ್ ಈಸ್ ಕ್ಲೋಸ್ಡ್, ಕಮ್ ವಯಾ ಶಿರಾಡಿ." ಹಾಸನಾಂಬೆ ದರ್ಶನ ಆಗುತ್ತಾ ಅಂತ ಕೇಳೋರಿಗೆ: "ದ ಟೆಂಪಲ್ ಓಪನ್ಸ್ ಓನ್ಲಿ ಅರೌಂಡ್ ದೀಪಾವಳಿ. ಇಫ್ ಯು ಕಮ್ ಇನ್ ಮೇ, ಇಟ್ ವಿಲ್ ಬಿ ಕ್ಲೋಸ್ಡ್." ಆಮೇಲೆ ಹೋದ ಜನವರೀಲಿ ಅಕಾಲ ಮಳೆ ಬಿತ್ತಲ್ಲ, ರಾತ್ರಿ ಕಣದ ಮೇಲೆ ಟಾರ್ಪಾಲ್ ಎಳೀದೇ ಮಲಗಿದ್ದೆ, ಬೆಳಿಗ್ಗೆ ನೋಡಿದ್ರೆ ಒಂದು ಮೂಲೇಲಿ ಚೆರಿ ನೀರಲ್ಲಿ ನಿಂತಿತ್ತು, ಆಮೇಲೆ ಆ ಮೂಲೆಯದ್ದಕ್ಕೆಲ್ಲಾ ಬೂಷ್ಟು. ಗೆಸ್ಟ್‌ಗಳು ಕಣ ನೋಡೋಕೆ ಬಂದಾಗ ಇದನ್ನ ಹೇಳ್ತಿರ್ತೀನಿ: "ಇಫ್ ಐ ಹ್ಯಾಡ್ ಕವರ್ಡ್ ದ ಕಾಫಿ, ಇಟ್ ವುಡ್ ನಾಟ್ ಹ್ಯಾವ್ ಗಾಟ್ ವೆಟ್."

ಬಾಬಾ ಬುಡನ್ ಕಥೆ ಹೇಳುವಾಗ ಮಾತ್ರ ತಡವರಿಸ್ತೀನಿ, ಯೆಮನ್‌ನಿಂದ ಏಳು ಕಾಫಿ ಬೀಜ ತಂದಿದ್ದು 17ನೇ ಶತಮಾನದಲ್ಲಿ ಅಂತಾರೆ, ಅವರು ತರದೇ ಇದ್ದಿದ್ರೆ ಇವತ್ತು ನಾವು ಏನು ಬೆಳೀತಿದ್ವೋ ಅಂತ ಹೇಳಬೇಕು. ಒಂದು ಅರ್ಧ ಹಳೇದು, ಒಂದು ಅರ್ಧ ಇವತ್ತಿನದು. ಕೊನೇದಾಗಿ ಈ ವಾರ ಬರೋರಿಗೆ "ಬ್ರಿಂಗ್ ಎ ಜಾಕೆಟ್ ಇಫ್ ಇಟ್ ರೈನ್ಸ್" ಅಂತ ಬರ್ದಿದೀನಿ, ಇನ್ನೂ ಕಳಿಸಿಲ್ಲ.

ಬೇಲೂರು_ಟೀಚರ್:

ಘಾಟ್, ಹಾಸನಾಂಬೆ, ಕಣ, ಮೂರೂ ಸರಿ ಇದೆ ಸರ್. ಕಣದ ವಾಕ್ಯಾನ ನಾಳೆ ನನ್ನ ಕ್ಲಾಸಲ್ಲಿ ಹೇಳ್ತೀನಿ, ನಮ್ಮ ಮಕ್ಕಳ ಮನೇಲೂ ಅದೇ ಕಷ್ಟ. ಬಾಬಾ ಬುಡನ್‌ಗೆ ನೀವೇ ದಾರಿ ಹೇಳಿಬಿಟ್ರಿ, ಹಳೇ ಅರ್ಧಕ್ಕೆ ಹ್ಯಾಡ್, ಇವತ್ತಿನ ಅರ್ಧಕ್ಕೆ ಬರೀ ಮೈಟ್ ಬಿ, ಅಲ್ಲಿ ಹ್ಯಾವ್ ಬೇಡ: "ಇಫ್ ಬಾಬಾ ಬುಡನ್ ಹ್ಯಾಡ್ ನಾಟ್ ಬ್ರಾಟ್ ದೋಸ್ ಸೆವೆನ್ ಬೀನ್ಸ್, ವಿ ಮೈಟ್ ಬಿ ಗ್ರೋಯಿಂಗ್ ಸಮ್‌ಥಿಂಗ್ ಎಲ್ಸ್ ಟುಡೇ."

ಜಾಕೆಟ್ ಮೆಸೇಜ್ ಮಾತ್ರ ತಿದ್ದಿ ಕಳಿಸಿ. ಮಳೆ ಬಂದ್ರೆ ಜಾಕೆಟ್ ತನ್ನಿ ಅಂತ ಬರ್ದಿದೀರ, ಹೊರಡೋ ದಿನ ಅವರೂರಲ್ಲಿ ಬಿಸಿಲಿದ್ರೆ ಬಿಟ್ಟು ಬರ್ತಾರೆ. ನೀವು ಹೇಳಬೇಕಾಗಿರೋದು ಮಳೆ ಬಂದ್ರೆ ಇರಲಿ ಅಂತ ಮೊದಲೇ ತನ್ನಿ ಅಂತ, ಅದಕ್ಕೆ "ಬ್ರಿಂಗ್ ಎ ಜಾಕೆಟ್ ಇನ್ ಕೇಸ್ ಇಟ್ ರೈನ್ಸ್."