ವೆನಿಸ್‌ನ ಯಹೂದಿ ಕೇರಿ ನೋಡಲು ಎಷ್ಟು ಹೊತ್ತು ಬೇಕು? ಹೋಗಿ ಬಂದವರು ಹೇಳಿ

ಮುಂದಿನ ತಿಂಗಳು ಅಮ್ಮನ ಜೊತೆ ವೆನಿಸ್‌ಗೆ ಹೋಗುತ್ತಿದ್ದೇನೆ. ಅಲ್ಲಿನ ಹಳೇ ಯಹೂದಿ ಕೇರಿಯಲ್ಲಿ, ಅದೇ ಘೆಟ್ಟೋದಲ್ಲಿ, ಆರಾಮಾಗಿ ಓಡಾಡಬೇಕು ಅಂತ ಆಸೆ. ಅಮ್ಮನಿಗೆ ಮಂಡಿ ನೋವು. ನಮಗೆ ಶನಿವಾರ ಬಿಡುವು. ಹೇಗೆ ಮಾಡಲಿ?

—

ಶನಿವಾರ ಮಾತ್ರ ಬೇಡ. ಅವತ್ತು ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಅಲ್ಲಿನ ಯಹೂದಿ ಮ್ಯೂಸಿಯಂ ಮುಚ್ಚಿರುತ್ತದೆ. ನಾವು ಗೊತ್ತಿಲ್ಲದೆ ಹೋಗಿ, ಭಾನುವಾರ ಮತ್ತೆ ಹೋಗಬೇಕಾಯಿತು. ಸಾಂತಾ ಲೂಚಿಯಾ ರೈಲು ನಿಲ್ದಾಣದಿಂದ ಹೊರಟರೆ ಹತ್ತು ನಿಮಿಷದ ದಾರಿ. ಗೂಲ್ಯೆ ಸೇತುವೆ ದಾಟಿ ಎಡಕ್ಕೆ ಕಾಲುವೆ ದಂಡೆ ಹಿಡಿಯಿರಿ, ಸ್ವಲ್ಪ ದೂರದಲ್ಲೇ ಬಲಗಡೆ ಮನೆಗಳ ಕೆಳಗೆ ನುಸುಳುವ ಒಂದು ತಗ್ಗು ಓಣಿ ಸಿಗುತ್ತದೆ. ಅಲ್ಲೇ ನಿಂತು ಪಕ್ಕದ ಕಲ್ಲನ್ನು ನೋಡಿ. ಹಳೇ ಬಾಗಿಲಿನ ಕೀಲು ಕೂರಿಸಿದ್ದ ತೂತುಗಳು ಇನ್ನೂ ಇವೆ. 1516ರಲ್ಲಿ ವೆನಿಸ್ ಸರ್ಕಾರ ಯಹೂದಿಗಳೆಲ್ಲ ಇಲ್ಲೇ ಇರಬೇಕು ಅಂತ ಆಜ್ಞೆ ಮಾಡಿ, ರಾತ್ರಿ ಬಾಗಿಲು ಹಾಕಿಸುತ್ತಿತ್ತು, ಸುತ್ತ ಕಾಲುವೆಯಲ್ಲಿ ದೋಣಿ ಕಾವಲು ಬೇರೆ, ಆ ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು! ಬಾಗಿಲು ಕಿತ್ತು ಹಾಕಿದ್ದು 1797ರಲ್ಲಿ, ನೆಪೋಲಿಯನ್ ಸೈನ್ಯ ಬಂದ ಮೇಲೆ. ಆ ತೂತಿನ ಮೇಲೆ ಕೈ ಇಟ್ಟಾಗ ನನಗೆ ಮಾತೇ ಹೊರಡಲಿಲ್ಲ.

—

ಮೇಲಿನವರು ಹೇಳಿದ ಓಣಿ ಘೆಟ್ಟೋ ವೆಕ್ಯೋ, ಅಂದರೆ ಹಳೇ ಘೆಟ್ಟೋ. ಆದರೆ ಯಹೂದಿಗಳು ಮೊದಲು ಬಂದದ್ದು ಮುಂದಿನ ಹೊಸ ಘೆಟ್ಟೋಗೆ, ಹಳೆಯದು ಸೇರಿದ್ದು 1541ರಲ್ಲಿ. ಹಳೇದು, ಹೊಸದು ಅನ್ನುವುದು ಅಲ್ಲಿದ್ದ ಲೋಹ ಎರಕದ ಕಾರ್ಖಾನೆಗಳ ಲೆಕ್ಕ. ಆ ಎರಕದ ಮಾತಿನಿಂದಲೇ ಘೆಟ್ಟೋ ಅನ್ನುವ ಹೆಸರು ಬಂತು ಅಂತ ಜಾಸ್ತಿ ಜನ ಹೇಳುತ್ತಾರೆ.

ಹೊಸ ಘೆಟ್ಟೋದ ಚೌಕಕ್ಕೆ ಬಂದ ಮೇಲೆ ತಲೆ ಎತ್ತಿ ನೋಡಿ. ಮನೆಗಳು ಏಳೆಂಟು ಅಂತಸ್ತು, ವೆನಿಸ್‌ನಲ್ಲಿ ಬೇರೆ ಕಡೆ ಇಷ್ಟು ಎತ್ತರ ಕಾಣುವುದಿಲ್ಲ. ಜನ ಹೆಚ್ಚಾದರು, ಜಾಗ ಹೆಚ್ಚಲಿಲ್ಲ, ಅದಕ್ಕೇ ಮೇಲೆ ಮೇಲೆ ಕಟ್ಟಿಕೊಂಡರು, ಚಾವಣಿ ತಗ್ಗಿಸಿದರು. ಸಾಲಾಗಿ ಐದು ದೊಡ್ಡ ಕಿಟಕಿ ಕಂಡರೆ ಅದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1528ರದ್ದು. ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಅಲ್ವಾ?

—

ಮಂಡಿ ನೋವಿನ ವಿಷಯ: ದಾರಿಯಲ್ಲಿ ಎರಡು ಸೇತುವೆ, ಎರಡಕ್ಕೂ ಮೆಟ್ಟಿಲಿದೆ. ನನ್ನ ಅತ್ತೆ ಕೈಗೋಲು ಹಿಡಿದು ನಿಧಾನವಾಗಿ ಹತ್ತಿದರು. ಚೌಕದಲ್ಲಿ ಬೆಂಚು, ಮರದ ನೆರಳು ಇದೆ, ಅಮ್ಮನನ್ನು ಅಲ್ಲಿ ಕೂರಿಸಿ. ನಾಜಿಗಳಿಗೆ ಬಲಿಯಾದ ಯಹೂದಿಗಳ ನೆನಪಿಗೆ ಗೋಡೆ ಮೇಲೆ ಹಾಕಿರುವ ಕಂಚಿನ ಫಲಕಗಳನ್ನು ಮಾತ್ರ ಇಬ್ಬರೂ ಹತ್ತಿರ ಹೋಗಿ ನೋಡಿ. 1943-44ರಲ್ಲಿ ವೆನಿಸ್‌ನಿಂದ ಸುಮಾರು 250 ಯಹೂದಿಗಳನ್ನು ಹಿಡಿದು ನಾಜಿ ಶಿಬಿರಗಳಿಗೆ ಸಾಗಿಸಿದರು, ವಾಪಸ್ ಬಂದವರು ಎಂಟೇ ಜನ. ಅವರ ಸಮುದಾಯದ ಮುಖ್ಯಸ್ಥ ಡಾಕ್ಟರ್ ಜುಸೆಪ್ಪೆ ಯೋನಾ, ತಮ್ಮವರ ಹೆಸರಿನ ಪಟ್ಟಿಯನ್ನು ನಾಜಿಗಳ ಕೈಗೆ ಕೊಡದೆ, 1943ರ ಸೆಪ್ಟೆಂಬರ್‌ನಲ್ಲಿ ಪ್ರಾಣವನ್ನೇ ಬಿಟ್ಟರು. ನಾವು ಅರ್ಧ ಗಂಟೆ ಸುಮ್ನೆ ಕೂತಿದ್ದೆವು. ಪಕ್ಕದಲ್ಲೇ ಮಕ್ಕಳು ಚೆಂಡಾಡುತ್ತಿದ್ದರು.

ಅರ್ಧ ದಿನ ಇಟ್ಟುಕೊಳ್ಳಿ. ಬೇಕರಿಯಲ್ಲಿ ಇಂಪಾಡೆ ಅಂತ ಬಾದಾಮಿ ಹೂರಣದ ತಿಂಡಿ ಸಿಗುತ್ತದೆ. ಮೊಟ್ಟೆ ಹಾಕಿರುತ್ತಾರೆ, ಅಮ್ಮ ತಿನ್ನುವುದಿಲ್ಲವಾದರೆ ಮೊದಲೇ ಹೇಳಿಬಿಡಿ.

—

ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆಗೆ ಬದಲಾಯಿಸಿದೆ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ, ಬೇರೆಲ್ಲಾ ಬಿಟ್ಟರೂ ಪರವಾಗಿಲ್ಲ, ಆ ಬಾಗಿಲಿನ ಕಲ್ಲು ನೋಡಬೇಕು ಅಂದರು.