ಚೆಸ್ಟರ್ ಬೌಲ್ಸ್: ದೆಹಲಿಯಲ್ಲಿ ಜನಪ್ರಿಯರು, ವಾಷಿಂಗ್ಟನ್‌ನಲ್ಲಿ?

ತುಂಗಾತೀರ: ಬೌಲ್ಸ್ ಭಾರತಕ್ಕೆ ಎರಡು ಸಲ ಅಮೆರಿಕದ ರಾಯಭಾರಿಯಾಗಿ ಬಂದವರು: 1951–53, ಮತ್ತೆ 1963–69. ಮೊದಲ ಅವಧಿಯನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯದು ಸೋಲು ಅಂತ ನನ್ನ ವಾದ. ಅದರ ಸುಳಿವು 1949–51ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗವರ್ನರ್ ಆಗಿದ್ದಾಗಲೇ ಸಿಕ್ಕಿತ್ತು. ಮೂಲತಃ ಜಾಹೀರಾತು ಕಂಪನಿ ಕಟ್ಟಿದವರು. ಜನರನ್ನು ಒಲಿಸಿಕೊಂಡರು, ರಾಜ್ಯದ ಶಾಸನ ಸದನವನ್ನಲ್ಲ.

ಹಳೇಕಡತ: ಸದನದ ಲೆಕ್ಕ ನೋಡದೆ ಹಾಗನ್ನಬೇಡಿ. 1818ರ ಸಂವಿಧಾನದಂತೆ ಅಲ್ಲಿನ ಕೆಳಮನೆಗೆ ಪ್ರತಿ ಊರಿನಿಂದ ಒಬ್ಬರು ಅಥವಾ ಇಬ್ಬರು. ಜನಸಂಖ್ಯೆ ಲೆಕ್ಕಕ್ಕಿಲ್ಲ. ಹಾರ್ಟ್‌ಫರ್ಡ್ ನಗರಕ್ಕೂ ಇಬ್ಬರೇ, ಎಷ್ಟೋ ಸಣ್ಣ ಊರುಗಳಿಗೂ ಇಬ್ಬರೇ. ಹಳ್ಳಿಗಳು ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದವು, ಹಾಗಾಗಿ ಡೆಮಾಕ್ರಟಿಕ್ ಗವರ್ನರ್ ಗೆದ್ದರೂ ಕೆಳಮನೆ ಎದುರಾಳಿಗಳದ್ದೇ. ಬೌಲ್ಸ್ 1948ರಲ್ಲಿ ಗೆದ್ದ ಅಂತರವೂ ಸುಮಾರು ಎರಡು ಸಾವಿರ ಮತ, ಅವಧಿ ಎರಡೇ ವರ್ಷ. ಅಷ್ಟರಲ್ಲೇ ವಸತಿ ಯೋಜನೆ ತಂದರು, ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಲ್ಲಿದ್ದ ವರ್ಣಭೇದ ತೆಗೆಸಿದರು.

ಕಾಫಿಪುಡಿ: ಖಾಲಿಯಾದ ಸೆನೆಟ್ ಸ್ಥಾನಕ್ಕೆ ಜಾಹೀರಾತು ಕಂಪನಿಯ ಹಳೇ ಪಾಲುದಾರ ವಿಲಿಯಂ ಬೆಂಟನ್‌ರನ್ನೇ ನೇಮಿಸಿದ್ದನ್ನು ಬಿಟ್ಟಿರಲ್ಲ! 1950ರ ಚುನಾವಣೆಯಲ್ಲಿ ಬೆಂಟನ್ ಕೂದಲೆಳೆ ಅಂತರದಲ್ಲಿ ಗೆದ್ದರು. ಅದೇ ದಿನ ಅವರನ್ನು ನೇಮಿಸಿದ ಬೌಲ್ಸ್ ಗವರ್ನರ್ ಚುನಾವಣೆಯಲ್ಲಿ ಜಾನ್ ಡೇವಿಸ್ ಲಾಡ್ಜ್ ಎದುರು ಸೋತರು.

ತುಂಗಾತೀರ: ಭಾರತದ ವಿಷಯಕ್ಕೆ ಬನ್ನಿ. 1952ರ ಜನವರಿಯಲ್ಲಿ ತಾಂತ್ರಿಕ ಸಹಕಾರ ಒಪ್ಪಂದ ಆಯಿತು, ಅಕ್ಟೋಬರ್ 2ಕ್ಕೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಒಪ್ಪಿದೆ. ಆದರೆ 1964ರಲ್ಲಿ? ಐದು ವರ್ಷದ ಸೇನಾ ನೆರವಿಗೆ ಅಷ್ಟು ಓಡಾಡಿದರೂ ಎಫ್-104 ಯುದ್ಧವಿಮಾನ ಸಿಗಲಿಲ್ಲ. ಪಾಕಿಸ್ತಾನದ ಹತ್ತಿರ ಅದಾಗಲೇ ಇತ್ತು. ನಾವು ಸೋವಿಯತ್ ಮಿಗ್-21ರ ಕಡೆ ಹೋದೆವು.

ಹಳೇಕಡತ: ಅಧ್ಯಕ್ಷ ಕೆನಡಿ 1963ರ ನವೆಂಬರ್‌ನಲ್ಲಿ ತೀರಿಕೊಂಡರು. ರಕ್ಷಣಾ ಸಚಿವ ಚವಾಣ್ ಮಾತುಕತೆಗೆ ಅಮೆರಿಕದಲ್ಲಿದ್ದಾಗಲೇ, 1964ರ ಮೇ 27ಕ್ಕೆ, ನೆಹರೂ ತೀರಿಕೊಂಡರು. ರಾಯಭಾರಿ ಏನು ಮಾಡಬೇಕಿತ್ತು?

ಕಾಫಿಪುಡಿ: ಗೋಧಿ ವಿಷಯದಲ್ಲಿ ಇನ್ನೂ ಸ್ಪಷ್ಟ. 1965ರಿಂದ ಅಧ್ಯಕ್ಷ ಜಾನ್ಸನ್ ಪಿಎಲ್-480 (ಅಮೆರಿಕದ ಆಹಾರ ನೆರವಿನ ಕಾನೂನು) ಧಾನ್ಯವನ್ನು ವರ್ಷಗಟ್ಟಲೆ ಒಪ್ಪಂದದ ಬದಲು ಚಿಕ್ಕ ಕಂತುಗಳಲ್ಲಿ ಬಿಟ್ಟರು. ಇಲ್ಲಿ ಬರ. ಮುಂದಿನ ಕಂತು ತಡವಾದರೆ ಹಡಗು ತಡ, ಹಡಗು ತಡವಾದರೆ ಪಡಿತರ ಖಾಲಿ. ಕೃಷಿ ನೀತಿ ಬದಲಿಸಿ ಅನ್ನೋ ಒತ್ತಡ ಒಂದು ಕಡೆ, ವಿಯೆಟ್ನಾಂ ಬಗ್ಗೆ ದೆಹಲಿ ಆಡಿದ ಟೀಕೆಯ ಸಿಟ್ಟು ಇನ್ನೊಂದು ಕಡೆ. ಬೌಲ್ಸ್ ಬೇಗ ಕಳಿಸಿ ಅಂತ ಬರೆಯುತ್ತಲೇ ಇದ್ದರು. ಭಾರತದ ಪರ ಮಾತಾಡೋದೇ ಅವರ ಕೆಲಸ ಅಂತ ವಾಷಿಂಗ್ಟನ್‌ನಲ್ಲಿ ತೀರ್ಮಾನ ಆಗಿದ್ದರಿಂದ ಆ ತಂತಿಗಳಿಗೆ ತೂಕ ಇರಲಿಲ್ಲ. ಇದರಲ್ಲಿ ತುಂಗಾತೀರ ಹೇಳಿದ್ದೇ ಸರಿ.

ಹಳೇಕಡತ: ಹಾಗಾದರೆ 1967ರ ಮಾರ್ಚ್ 6? ಸ್ಟಾಲಿನ್ ಮಗಳು ಸ್ವೆಟ್ಲಾನಾ ಸಂಜೆ ಆಶ್ರಯ ಕೇಳಿ ದೆಹಲಿಯ ಅಮೆರಿಕ ದೂತಾವಾಸಕ್ಕೆ ನಡೆದು ಬಂದಳು. ಸೋವಿಯತ್ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇತ್ತು, ಅದೇ ಅನುಕೂಲ ಆಗಿದ್ದು. ತಡ ಮಾಡಿದ್ದರೆ ಸೋವಿಯತ್ ದೂತಾವಾಸ ಭಾರತ ಸರ್ಕಾರದ ಮೇಲೆ ಒತ್ತಡ ಹಾಕುತ್ತಿತ್ತು. ಬೌಲ್ಸ್ ವಾಷಿಂಗ್ಟನ್‌ಗೆ ತಂತಿ ಕಳಿಸಿ, ಮಧ್ಯರಾತ್ರಿಯೊಳಗೆ ಬೇಡ ಅನ್ನದಿದ್ದರೆ ಅವಳನ್ನು ದೇಶದ ಹೊರಗೆ ಕಳಿಸಿಬಿಡುತ್ತೇನೆ ಅಂದರು. ಪ್ರವಾಸಿ ವೀಸಾ ಒತ್ತಿಸಿ, ಒಬ್ಬ ಅಧಿಕಾರಿ ಜೊತೆ ಅದೇ ರಾತ್ರಿ ರೋಮ್ ವಿಮಾನ ಹತ್ತಿಸಿದರು.

ತುಂಗಾತೀರ: ವಾಷಿಂಗ್ಟನ್ ಒಪ್ಪಿಗೆಗೆ ಕಾಯದೇ ಇದ್ದಿದ್ದಕ್ಕೇ ಅದು ಗೆದ್ದಿದ್ದು. ಗೋಧಿಗೆ ಆ ದಾರಿ ಇರಲಿಲ್ಲ, ಸಹಿ ಜಾನ್ಸನ್ನರದ್ದು.